ನೆಲ ಮುಟ್ಟಿದ ಬೆನ್ನು

ಒಬ್ಬ ಗಂಡಸು ತಾನಾಗಿಯೇ ಅಂಗಾತ ಬಿದ್ದುಕೊಂಡು, ಎದುರಿನವನ ಒಂದು ಕಾಲನ್ನು ತನ್ನೆರಡು ಕಾಲುಗಳ ನಡುವೆ ಸಿಕ್ಕಿಸಿಕೊಂಡು, ಅದನ್ನು ವಿದ್ಯೆ ಅಂತ ಕರೆಯುವುದನ್ನು ನಾನು ಮೊದಲು ನೋಡಿದ್ದು ಹರಪನಹಳ್ಳಿಯ ಒಂದು ಹಳೆಯ ಮೆಕ್ಕೆಜೋಳದ ಗೋಡೌನಿನಲ್ಲಿ. ನಗು ತಡೆಯಲಾಗಲಿಲ್ಲ. ನಮ್ಮ ಗರಡಿಯಲ್ಲಿ ಹಾಗೆ ಬಿದ್ದುಕೊಂಡವನನ್ನು ಎಬ್ಬಿಸಿ ಮನೆಗೆ ಕಳಿಸುತ್ತಿದ್ದೆವು. ಇಲ್ಲಿ ಅಂಥವನಿಗೆ ನೀಲಿ ಬೆಲ್ಟು ಕೊಟ್ಟಿದ್ದರು.

ನಾನು ಅಲ್ಲಿಗೆ ಹೋದದ್ದು ಡಾಕ್ಟರ ಕಾಟಕ್ಕೆ. ಇಪ್ಪತ್ತು ವರ್ಷ ಅಂಗಡಿಯಲ್ಲಿ ಕೂತು ಬೋರ್‌ವೆಲ್ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತಿದವನ ಹೊಟ್ಟೆಗೂ ಸುತ್ತು ಬೀಳುತ್ತವೆ. ಶುಗರ್ ಐತಿ, ಮೈ ಬೆವರಬೇಕು ಅಂದರು. ನಮ್ಮ ಗರಡಿ ಮನೆಯ ಬಾಗಿಲು ಈಗ ನಾಗರಪಂಚಮಿಗೊಮ್ಮೆ ತೆರೆಯುತ್ತದೆ. ಕಾಯಿ ಒಡೆದು, ತೊಡೆ ತಟ್ಟುವ ಫೋಟೋ ಹೊಡೆಸಿಕೊಂಡು, ಮತ್ತೆ ಬೀಗ ಜಡಿಯುತ್ತಾರೆ. ಹಾಗಾಗಿ ಈ ಗೋಡೌನು, ಬ್ರೆಜಿಲಿಯನ್ ಜಿಯು-ಜಿಟ್ಸು ಅನ್ನುವ ಈ ಪರದೇಶಿ ಕುಸ್ತಿ. ಅವರು ಕೊಟ್ಟ ಬಿಳಿ ದಪ್ಪ ಅಂಗಿಯನ್ನು ನೋಡಿ ಹೆಂಡತಿ, "ಮೊಮ್ಮಕ್ಕಳು ಹೊರಳಾಡೋ ಕಾಲಕ್ಕ ನೀವ ಹೊರಳಾಡಾಕ ಹೊಂಟ್ರೇನು?" ಅಂದಳು.

ಕಲಿಸುವವನು ದಾವಣಗೆರೆಯಲ್ಲಿ ಕಲಿತು ಬಂದ ಮಾಸ್ತರ. ಮೂವತ್ತು ತುಂಬಿರಲಿಕ್ಕಿಲ್ಲ. ಎರಡು ಮಾತಿಗೊಮ್ಮೆ "ರಿಲ್ಯಾಕ್ಸ್ ಸರ್" ಅನ್ನುತ್ತಾನೆ. ಮಣ್ಣಿಲ್ಲ, ಹಲಗೆ ಬಾರಿಸುವ ಸದ್ದಿಲ್ಲ, ನೀಲಿ ರಬ್ಬರ್ ಹಾಸು. ಹಿಡಿಯುವ ಮುಂಚೆ ಕೈಗೆ ಕೈ ತಟ್ಟಿ, ಮುಷ್ಟಿಗೆ ಮುಷ್ಟಿ ಮುಟ್ಟಿಸಬೇಕಂತೆ. ಮಕ್ಕಳಾಟ. ಬಾಗಿಲಲ್ಲೇ ಅವನು ನನ್ನ ಬಲಗೈ ನೋಡಿ, "ಸರ್, ಕಡಗ ತೆಗೀರಿ. ಯಾರಿಗಾದ್ರೂ ಬಡಿತೈತಿ," ಅಂದ. ಆ ಬೆಳ್ಳಿ ಕಡಗವನ್ನು ನಾನು ಇಪ್ಪತ್ತೆರಡು ವರ್ಷದಿಂದ ತೆಗೆದಿರಲಿಲ್ಲ. ಸೋಪು ಹಚ್ಚಿ ಎಳೆದು ತೆಗೆದು, ಚಪ್ಪಲಿಯೊಳಗೆ ಇಟ್ಟೆ.

ನಮ್ಮ ಕಡೆ ಕುಸ್ತಿಯಲ್ಲಿ ಕೊನೆಯ ಜೋಡಿಯಲ್ಲಿ ಗೆದ್ದವನಿಗೆ ಬೆಳ್ಳಿ ಕಡಗ. ಬೆನ್ನು ನೆಲ ಮುಟ್ಟಿತೋ, ಕುಸ್ತಿ ಮುಗಿಯಿತು. ಬಿದ್ದವನು ಆಮೇಲೆ ಎಷ್ಟು ಒದ್ದಾಡಿದರೂ ಕೇಳುವವರಿಲ್ಲ. ಗೆದ್ದವನು ಒಂದು ಚಿಟಿಕೆ ಮಣ್ಣು ಹಣೆಗೆ ಹಚ್ಚಿಕೊಂಡು ಕೈ ಎತ್ತುತ್ತಾನೆ. ಚಿಗಟೇರಿ ಕಡೆಯ ಒಂದು ಕಣದಲ್ಲಿ, ಕೊಟ್ಟೂರಿನ ಪೈಲ್ವಾನನೊಬ್ಬನನ್ನು ಕೆಡವಿ ನಾನೂ ಹಾಗೆ ಕೈ ಎತ್ತಿದ್ದೆ. ಕೈ ಎತ್ತಿದ್ದನ್ನು ನೋಡಿಯೇ ಪಂಚರು ತೀರ್ಪು ಕೊಟ್ಟು ಈ ಕಡಗ ತೊಡಿಸಿದರು. ಅವರು ನಿಂತಿದ್ದು ನನ್ನ ಬೆನ್ನ ಹಿಂದೆ, ಅವರಿಗೇನು ಕಂಡೀತು? ನನ್ನ ಎದೆ ಅವನ ಮೇಲಿತ್ತು. ಅವನ ಎಡ ಭುಜ ನೆಲದಿಂದ ನಾಲ್ಕು ಬೆರಳು ಮೇಲಿದ್ದದ್ದು ನನಗೆ ಗೊತ್ತಾಗಿತ್ತು. ಗೊತ್ತಾಗಿಯೇ ಮಣ್ಣಿಗೆ ಕೈ ಹಾಕಿದ್ದೆ. ಆಮೇಲೆ ಅವನು ಯಾವ ಕಣಕ್ಕೂ ಇಳಿಯಲಿಲ್ಲ, ಕೊಟ್ಟೂರಿನಲ್ಲಿ ಹಿಟ್ಟಿನ ಗಿರಣಿ ಹಾಕಿಕೊಂಡ ಅಂತ ಕೇಳಿದ್ದೆ.

ಗೋಡೌನಿನಲ್ಲಿ ಅಂಗಾತ ಬಿದ್ದುಕೊಂಡಿದ್ದವನು ಅವನೇ. ಹುಬ್ಬಿನಲ್ಲಿ ಇನ್ನೂ ಜೋಳದ ಹಿಟ್ಟಿತ್ತು. ನನ್ನನ್ನು ನೋಡಿ ಎದ್ದು, "ಬರ್ರಿ ಪೈಲ್ವಾನ್ರ," ಅಂದ. ಅಷ್ಟೇ.

ಮೊದಲ ವಾರವೇ ಮಾಸ್ತರ ನಮ್ಮಿಬ್ಬರನ್ನು ಜೋಡಿ ಮಾಡಿದ. ನಾನು ಅವನ ಸೊಂಟ ಹಿಡಿದು ಒಂದೇ ಉಸಿರಿಗೆ ಕೆಡವಿದೆ. ಬೆನ್ನು ರಬ್ಬರಿಗೆ ಬಡಿದ ಸದ್ದು ಗೋಡೌನೆಲ್ಲ ಕೇಳಿಸಿತು. ಹಾಳು ರೂಢಿ, ನನ್ನ ಕೈ ತಾನಾಗಿಯೇ ಮಣ್ಣಿಗೆ ಹೋಯಿತು. ಸಿಕ್ಕಿದ್ದು ರಬ್ಬರು. ನಾನು ಅದನ್ನು ಕೆರೆಯುವಷ್ಟರಲ್ಲಿ ನನ್ನ ಬಲಗಾಲು ಅವನ ಎರಡು ಕಾಲುಗಳ ನಡುವೆ ಸಿಕ್ಕಿತ್ತು. ಇದಕ್ಕೆ ಹಾಫ್ ಗಾರ್ಡ್ ಅನ್ನುತ್ತಾರೆ. ಜಗ್ಗಿದೆ, ಬರಲಿಲ್ಲ. ಮತ್ತೂ ಜಗ್ಗಿದೆ. ಕೆಳಗಿನಿಂದ ಅವನು ಏದುಸಿರೂ ಇಲ್ಲದೆ ಹೇಳಿದ:

"ಬೆನ್ನು ನೆಲ ಮುಟ್ಟಿದ್ರ ಮುಗೀತು ಅಂತಿದ್ರಲ್ಲ ಪೈಲ್ವಾನ್ರ. ಇವತ್ತ ಮುಟ್ಟೈತಿ. ಮುಗಸ್ರಿ, ನೋಡೋಣ."

ಮುಗಿಸಲಾಗಲಿಲ್ಲ. ಅವನು ಎಡಗೈಯನ್ನು ನನ್ನ ಬಲಗಂಕುಳಲ್ಲಿ ತೂರಿಸಿ, ನನ್ನನ್ನು ಮಗುಚಿ ಹಾಕಿ ಮೇಲೆ ಕೂತ.

ಮನೆಗೆ ಬಂದು ಬೈದದ್ದೇ ಬೈದದ್ದು. ರಬ್ಬರು ಜಾರುತ್ತದೆ, ಅಂಗಿ ತೊಡಕು, ಅದೇನು ಗಂಡಸರ ಆಟವೇ, ಮಲಗಿ ಗೆಲ್ಲುವುದಾದರೆ ನಮ್ಮೂರ ಕಟ್ಟೆಯ ಮೇಲಿನ ಸೋಮಾರಿಗಳೆಲ್ಲ ಪೈಲ್ವಾನರೇ. ಹೆಂಡತಿ ರೊಟ್ಟಿ ಬಡಿಯುತ್ತ, "ಜಟ್ಟಿ ಬಿದ್ರೂ ಮೀಸಿ ಮಣ್ಣಾಗಲಿಲ್ಲ ಬಿಡ್ರಿ," ಅಂದಳು. ಅಲ್ಲಿ ಮಣ್ಣೇ ಇಲ್ಲ ಕಣೇ ಅಂದೆ. ಯಾರಿಗೂ ಹೇಳದ ಒಂದು ಮಾತು ಎದೆಯಲ್ಲಿ ಕೂತಿತ್ತು: ಆ ಕಾಲನ್ನು ಒಂದು ಸಲವಾದರೂ ದಾಟದಿದ್ದರೆ ಚಪ್ಪಲಿಯೊಳಗಿನ ಕಡಗ ನನ್ನದಲ್ಲ.

ವಾರಕ್ಕೆ ಮೂರು ಸಂಜೆ ಹೋದೆ. ಗರಡಿಯಲ್ಲಿ ಕಲಿತ ಪಟ್ಟುಗಳನ್ನೆಲ್ಲ ಹಾಕಿದೆ. ಎದ್ದು ನಿಂತು ಜಗ್ಗಿದೆ, ಅವನೂ ಕಾಲಿನ ಜೊತೆ ತೇಲಿ ಬಂದ. ಮೊಣಕೈಯಿಂದ ತೊಡೆ ಅಮುಕಿದೆ, ಮಾಸ್ತರ "ರಿಲ್ಯಾಕ್ಸ್ ಸರ್" ಅಂದ. ರಿಲ್ಯಾಕ್ಸ್ ಆಗಲು ನಾನೇನು ಕ್ಷೌರಕ್ಕೆ ಬಂದಿದ್ದೆನೇ? ಕಿವಿ ಉಜ್ಜಿ ಕೆಂಪಾದವು. ಅಂಗಡಿಯಲ್ಲಿ ಮೋಟಾರು ಬಿಚ್ಚಲು ಕೂತರೆ ಏಳಲು ಗೋಡೆ ಬೇಕಾಯಿತು. ಆ ಗಿರಣಿಯವ ಪ್ರತಿ ಸಲ ಮಗುಚಿ ಹಾಕಿದ ಮೇಲೂ ಮೊದಲ ದಿನದ ಹಾಗೆಯೇ, "ಬರ್ರಿ ಪೈಲ್ವಾನ್ರ, ಇನ್ನೊಮ್ಮೆ," ಅನ್ನುತ್ತಿದ್ದ. ಅವನ ಆ ಮರ್ಯಾದೆ ನನಗೆ ಬೈಗುಳಕ್ಕಿಂತ ಹೆಚ್ಚು ಉರಿಯುತ್ತಿತ್ತು.

ನಾಲ್ಕು ತಿಂಗಳಾದ ಮೇಲೆ ಮಾಸ್ತರ ಪಕ್ಕದಲ್ಲಿ ಮೊಣಕಾಲೂರಿ ಕೂತ. "ಸರ್, ಕಾಲು ಮರೀರಿ. ಅವ್ರ ಎಡ ಭುಜ ನೋಡ್ರಿ. ಅದು ಮೇಲೆದ್ದಿರೋತನಕ ಅವ್ರು ಸೋತಿಲ್ಲ. ಎರಡೂ ಭುಜ ನೆಲಕ್ಕೆ ಕೂಡಿಸ್ರಿ, ಕಾಲು ತಾನಾ ಬರ್ತೈತಿ."

ಕಂಡವರ ಬಾಯಲ್ಲಿ, ಅದೂ ಅವನ ಮೈಮೇಲೆ ಬಿದ್ದುಕೊಂಡಿದ್ದಾಗ, ನಾನು ಆ ಮಾತು ಕೇಳಬೇಕಾಯಿತು. ಕೆಳಗಿದ್ದವನ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಅವತ್ತಿನಿಂದ ಕಾಲು ಜಗ್ಗುವುದನ್ನು ಬಿಟ್ಟೆ. ಮಳೆ ಹಿಡಿದ ಎರೆಹೊಲದಲ್ಲಿ ಹೂತ ಕಾಲನ್ನು ನೆಟ್ಟಗೆ ಎಳೆದರೆ ಚಪ್ಪಲಿ ಒಳಗೇ ಉಳಿಯುತ್ತದೆ ಅಂತ ನಮ್ಮ ಕಡೆ ಎಲ್ಲರಿಗೂ ಗೊತ್ತು, ನನಗೆ ಮಾತ್ರ ರಬ್ಬರಿನ ಮೇಲೆ ಮರೆತುಹೋಗಿತ್ತು. ಮೊದಲು ಅವನ ಎಡಗೈ ನನ್ನ ಕಂಕುಳಿಗೆ ಬಾರದಂತೆ ತಡೆಯಬೇಕು. ಆಮೇಲೆ ನನ್ನ ಭುಜವನ್ನು ಅವನ ದವಡೆಗೆ ಒತ್ತಿ ಮುಖವನ್ನು ಆಚೆ ತಿರುಗಿಸಬೇಕು. ಮುಖ ಹೋದ ಕಡೆ ಮೈ ಹೋಗುತ್ತದೆ. ಅದನ್ನು ಕಲಿಯಲು ಇನ್ನೂ ಎರಡು ತಿಂಗಳು ಹಿಡಿಯಿತು. ನನ್ನಂಥ ದಡ್ಡನಿಗೆ ಅದೇ ಬೇಗ.

ಒಂದು ಸಂಜೆ ಆಯಿತು. ಅವನ ಕೈ ತಡೆದೆ, ದವಡೆಗೆ ಭುಜ ಕೊಟ್ಟೆ, ಕಾದೆ. ಅವನ ಎಡ ಭುಜ ನಿಧಾನವಾಗಿ ಇಳಿಯಿತು. ನಾಲ್ಕು ಬೆರಳು, ಎರಡು ಬೆರಳು, ಆಮೇಲೆ ನೆಲ. ಮೊಣಕಾಲು ಮೊದಲು ಜಾರಿ ಆಚೆ ಬಂತು, ಹಿಮ್ಮಡಿ ಕೊನೆಗೆ. ನಾನು ದಾಟಿದ್ದೆ. ಪಂದ್ಯದಲ್ಲಾದರೆ ಇದಕ್ಕೆ ಮೂರು ಅಂಕವಂತೆ, ಗೆದ್ದಂತೆಯೂ ಅಲ್ಲವಂತೆ. ಮಾಸ್ತರ "ಗುಡ್" ಅಂದು ಬೇರೆ ಜೋಡಿಯ ಕಡೆ ಹೋದ. ಗಿರಣಿಯವ ಅಂಗೈಯಿಂದ ನನ್ನ ಬೆನ್ನು ತಟ್ಟಿ, "ಈಗ ಆತು ನೋಡ್ರಿ," ಅಂದ.

ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳಲು ಇಬ್ಬರೂ ಒಟ್ಟಿಗೆ ಕೂತೆವು. ಕಡಗ ಕೈಗೆ ತೆಗೆದುಕೊಂಡೆ. ತೊಡಲಿಲ್ಲ, ಅಂಗೈಯಲ್ಲೇ ಹಿಡಿದುಕೊಂಡೆ.

"ಅವತ್ತ ನಿನ್ನ ಎಡ ಭುಜ ನೆಲ ಮುಟ್ಟಿರಲಿಲ್ಲ," ಅಂದೆ.

"ನನ್ನ ಭುಜ. ನನಗ ಗೊತ್ತಿಲ್ಲೇನು?" ಅವನು ಚಪ್ಪಲಿಯ ಪಟ್ಟಿ ಸರಿ ಮಾಡಿಕೊಳ್ಳುತ್ತಿದ್ದ. ತಲೆ ಎತ್ತಿ ನನ್ನನ್ನು ನೋಡಿದ. ಪೈಲ್ವಾನ್ರ ಅನ್ನುವುದು, ರೀ ಅನ್ನುವುದು, ಎರಡೂ ಅವನ ಬಾಯಿಂದ ಹೋಗಿದ್ದವು.

"ನಿನಗ ಗೊತ್ತಾಗಿರಲಿಕ್ಕಿಲ್ಲ ಅಂತ ತಿಳ್ಕೊಂಡು ಇಷ್ಟು ವರ್ಷ ಸುಮ್ನಿದ್ದೆ," ಅಂದ.

ಎದ್ದು, ಗಾಡಿ ಚಾಲೂ ಮಾಡಿ, ಕೊಟ್ಟೂರ ರಸ್ತೆ ಹಿಡಿದ. ಮರುದಿನದಿಂದ ಅವನು ಗೋಡೌನಿಗೆ ಬರಲಿಲ್ಲ.