ನಾಲ್ಕನೆಯ ದೊಡ್ಡಿಯ ಮೇವು

ಮ್ಮಾ ತುಮೊ ಸಗಣಿಗೆ ಹೇಸಿದವಳಲ್ಲ. ಲೊಬಾತ್ಸೆ ಊರಿನ ಕಡೆಯ, ಮಾಂಸಕ್ಕೆಂದು ದನ ಕೊಬ್ಬಿಸುವ ದೊಡ್ಡಿಗಳಲ್ಲಿ ಹದಿನೇಳು ವರ್ಷದಿಂದ ಮೇವು ಬೆರೆಸುತ್ತಿದ್ದಳು. ಸಗಣಿಯನ್ನು ಬೆರಳಲ್ಲಿ ಹಿಸುಕಿ, ಮೆಕ್ಕೆಜೋಳ ಹೆಚ್ಚಾಯಿತೋ ಹುಲ್ಲು ಕಡಿಮೆಯಾಯಿತೋ ಹೇಳಿಬಿಡುತ್ತಿದ್ದಳು.

ನಾಲ್ಕನೆಯ ದೊಡ್ಡಿಯ ಅರವತ್ತು ಎತ್ತುಗಳ ಹೊಣೆ ಅವಳದು. ನಾಡಹಸುವಿಗೂ ಸಿಮ್ಮೆಂಟಲ್ ಎಂಬ ವಿದೇಶಿ ತಳಿಯ ಹೋರಿಗೂ ಹುಟ್ಟಿದ ಮಿಶ್ರತಳಿ. ಮೈ ದೊಡ್ಡದು, ಹಸಿವೆಯೂ ದೊಡ್ಡದು. ಬರೀ ಜೋಳ ಸುರಿದರೆ ಹೊಟ್ಟೆ ಕೆಟ್ಟು ಮಲಗುತ್ತವೆ. ಜೋಳವನ್ನು ಮೂರು ವಾರ ಮೆಲ್ಲಗೆ ಏರಿಸಬೇಕು, ನೂರು ಕಿಲೋ ಮೇವಿಗೆ ಹನ್ನೆರಡು ಕಿಲೋದಷ್ಟಾದರೂ ಪ್ರೋಟೀನು ಸೇರಬೇಕು. ಅದಕ್ಕೆಂದೇ ಸೂರ್ಯಕಾಂತಿ ಹಿಂಡಿ.

ಈ ಸಲ ಒಡೆಯನ ತಮ್ಮ ಒಫೆಂತ್ಸೆ ಹಿಂಡಿ ನಿಲ್ಲಿಸಿ, ಅದರ ಬದಲು ಮೇವಿಗೆ ಬೆರೆಸಲು ಒಂದು ಲಾರಿ ಅಗ್ಗದ ಕೋಳಿಗೊಬ್ಬರ ತರಿಸಿದ. ಚೀಲ ಬಿಚ್ಚಿದ ಮ್ಮಾ ತುಮೊಳ ಕೈಗೆ ಮೆತ್ತಗಿನದೇನೋ ಸಿಕ್ಕಿತು. ಎಳೆದರೆ ಕೋಳಿಯ ಕಾಲು. ಹಿಂದೆಯೇ ಹುಳ ಬಿದ್ದು ಜಾರುತ್ತಿದ್ದ ಮೈ.

"ಇದ್ರಾಗೆ ಸತ್ತ ಕೋಳಿ ಅವೆ, ರ್ರಾ," ಎಂದಳು ಒಫೆಂತ್ಸೆಗೆ; ಅಲ್ಲಿ ಗಂಡಸರನ್ನು ಮರ್ಯಾದೆಯಿಂದ ಕರೆಯುವುದು ಹಾಗೆ, ಹೆಂಗಸರನ್ನು ಮ್ಮಾ ಎಂದು. "ನಾನು ಬೆರೆಸಾಕಿಲ್ಲ."

"ಹಿಂಡೀನೂ ಪ್ರೋಟೀನೇ, ಕೋಳೀನೂ ಪ್ರೋಟೀನೇ. ಎತ್ತೇನು ಮೂಗು ಮುಚ್ಕೊಂಡು ತಿಂತದಾ, ಮ್ಮಾ?"

"ನಿಮ್ ತಟ್ಟೇಗೆ ಹಾಕಿದ್ರೆ ನೀವು ಮುಚ್ಕೊಳ್ಳಲ್ವಾ?"

ಅವನು ನಕ್ಕ. ಚೀಲಗಳನ್ನು ತಾನೇ ಮೇವು ಬೆರೆಸುವ ಯಂತ್ರಕ್ಕೆ ಸುರಿದ.

ಒಂಬತ್ತನೆಯ ದಿನ ಒಂದು ಎತ್ತು ಹಿಂಗಾಲು ಎಳೆಯತೊಡಗಿತು. ಸಂಜೆಗೆ ನಾಲಿಗೆ ಜೋತುಬಿತ್ತು; ಒಳಗೆಳೆದುಕೊಳ್ಳಲೂ ಆಗದೆ ಅದರ ಮೇಲೆ ನೊಣ ಮುತ್ತಿದವು. ಬೆಳಗಾಗುವಷ್ಟರಲ್ಲಿ ಸತ್ತಿತ್ತು.

ತಾನಾಗಿ ಸತ್ತು ಬಿದ್ದ ದನ, ದನಗಾಹಿಗಳ ಪಾಲು. ಯಾಕೆ ಬಿತ್ತೆಂದು ಅಲ್ಲಿ ಯಾರೂ ಕೇಳುವುದಿಲ್ಲ. ಒಫೆಂತ್ಸೆ ದಾನಶೂರನಂತೆ ಕೈ ಬೀಸಿದ: "ತಗೊಳ್ರಪ್ಪಾ, ಹೊಟ್ಟೆ ತುಂಬಾ ತಿನ್ರಿ." ಮುದಿ ದನಗಾಹಿ ರ್ರಾ ಸೆಲೆಕಾ ಚಾಕು ಮಸೆಯುತ್ತಿದ್ದ. ಮೂರುಕಾಲಿನ ಹಂಡೆಯಲ್ಲಿ ನೀರು ಕಾಯುತ್ತಿತ್ತು.

"ಮುಟ್ಬೇಡಿ," ಎಂದಳು ಮ್ಮಾ ತುಮೊ. "ಕೊಳೆತ ಕೋಳಿ ತಿಂದು ಸತ್ತಿರೋದು ಅದು. ಅದ್ರ ನಾಲಿಗೆ ನೋಡಿ."

"ಓಹೋ, ನಿನ್ ಮೂಗು ಯಾವಾಗ ದನದ ಡಾಕ್ಟ್ರು ಆಯ್ತವ್ವಾ?" ರ್ರಾ ಸೆಲೆಕಾ ಹಲ್ಲಿಲ್ಲದ ಬಾಯಿ ತೆರೆದು ನಕ್ಕ. "ನಮ್ಮಪ್ಪ ಬಿದ್ದ ದನ ತಿಂದೇ ತೊಂಬತ್ತು ವರ್ಷ ಬದುಕ್ದ."

"ನಿಮ್ಮಪ್ಪ ತಿಂದಿದ್ದು ಹಸಿದು ಬಿದ್ದ ದನ. ವಿಷ ತಿಂದು ಬಿದ್ದಿದ್ದಲ್ಲ!"

ಯಾರೂ ಕಿವಿಗೊಡಲಿಲ್ಲ. ಚಾಕು ಕತ್ತಿನ ಚರ್ಮಕ್ಕೆ ಇಳಿಯಿತು. ಆಗ ಅವಳು ಟ್ರ್ಯಾಕ್ಟರಿನ ಡೀಸೆಲ್ ಡಬ್ಬ ಎಳೆದು ತಂದು, ಕತ್ತಿನಿಂದ ಬಾಲದವರೆಗೆ ಬಳಬಳನೆ ಸುರಿದುಬಿಟ್ಟಳು.

ಬೈಗುಳದ ಮಳೆಯಾಯಿತು. ರ್ರಾ ಸೆಲೆಕಾ ಅವಳ ಕಾಲ ಬಳಿ ಉಗಿದ. "ನಾಳೆಯಿಂದ ಬರಬೇಡ!" ಎಂದು ಒಫೆಂತ್ಸೆ ಕೂಗಿದ.

ಅವಳು ಗುದ್ದಲಿ ಹಿಡಿದು ನಾಲ್ಕನೆಯ ದೊಡ್ಡಿಗೆ ಇಳಿದಳು. ಗೋದಲಿಯಲ್ಲಿ ಉಳಿದಿದ್ದ ಮೇವನ್ನು ಗೋರಿ ಗೋರಿ ಹೊರಗೆಸೆದಳು. ಎರಡು ಸಲ ವಾಂತಿ ಮಾಡಿ, ಬಾಯಿ ಒರೆಸಿಕೊಂಡು ಮತ್ತೆ ಗೋರಿದಳು. ಕೊಂಬಿನಿಂದ ಅವಳನ್ನೇ ತಳ್ಳುತ್ತ, ಐವತ್ತೊಂಬತ್ತು ಎತ್ತುಗಳು ಆ ಹೊಲಸಿಗಾಗಿ ಒರಲುತ್ತಿದ್ದವು.