ಹೆಬ್ಬಾವಿಗೆ ಉಪಚಾರ

ಬಂಗಾರೆವ್ವನ ಕಾಲಿಗೆ ಚಕ್ರ ಕಟ್ಟಿದೆ ಎಂದು ಬಾಗಲಕೋಟೆಯಲ್ಲಿ ಅವಳ ಅವ್ವ ಅನ್ನುತ್ತಿದ್ದಳು. ಅಮೆರಿಕದ ಸನ್ನಿವೇಲ್‌ಗೆ ಬಂದ ನಾಲ್ಕು ವರ್ಷದಲ್ಲಿ ಅವಳು ಮೂರು ಅಪಾರ್ಟ್‌ಮೆಂಟು ಬದಲಿಸಿದಳು, ಎರಡು ಕೆಲಸ ಬಿಟ್ಟಳು. ಈಗ ಸರ್ಕ್ಯೂಟು ಬೋರ್ಡುಗಳಿಗೆ ಬೆಸುಗೆ ಹಾಕುವ ಕೆಲಸ. ಬಿಡುವಿನಲ್ಲಿ ಉಳಿದ ಹೆಂಗಸರು ಕೂತು ಕಾಫಿ ಕುಡಿದರೆ ಅವಳು ಪಾರ್ಕಿಂಗ್ ಲಾಟಿನ ಸುತ್ತ ನಡೆಯುತ್ತಿದ್ದಳು.

ಹಾಗೆ ನಡೆಯುತ್ತಲೇ ೧೯೮೪ರ ಚೈತ್ರದಲ್ಲೊಂದು ಮಧ್ಯಾಹ್ನ ಪ್ರಾಣಿಗಳ ಅಂಗಡಿಯೊಂದನ್ನು ಹೊಕ್ಕಳು. ಗಾಜಿನ ಹಿಂದೆ ಬರ್ಮಾ ಹೆಬ್ಬಾವುಗಳಿದ್ದವು. ಅಷ್ಟು ಸುಮ್ಮನಿರಬಲ್ಲ ಜೀವವನ್ನು ಅವಳು ಕಂಡಿರಲಿಲ್ಲ. ಮರುವಾರವೂ ಹೋದಳು, ಅದರ ಮರುವಾರವೂ.

"ಮರಿ ಒಯ್ಯಿರಿ, ಮೊದಲ ಸಲ ಸಾಕುವವರಿಗೆ ಅದೇ ವಾಸಿ," ಎಂದ ಅಂಗಡಿಯ ಮುದುಕ.

ಅವಳು ಸಂತೆಯಲ್ಲಿ ಸೌತೆಕಾಯಿ ಆರಿಸುವವಳಂತೆ ಒಂದೊಂದನ್ನೂ ಎತ್ತಿ ತೂಗಿದಳು. ಕಣ್ಣು ತಿಳಿಯಾಗಿದೆಯೇ, ಉಸಿರಿನಲ್ಲಿ ಗೊರಗೊರ ಇಲ್ಲವೇ, ಹುರುಪೆಯ ಸಂದಿನಲ್ಲಿ ಉಣ್ಣಿಹುಳ ಇಲ್ಲವೇ, ಮುದುಕ ಹೇಳಿಕೊಟ್ಟದ್ದನ್ನೆಲ್ಲ ನೋಡಿದಳು. ಕೊನೆಗೆ ಆರಿಸಿದ್ದು ಮರಿಯನ್ನಲ್ಲ; ಯಾರೋ ಸಾಕಲಾರದೆ ಬಿಟ್ಟುಹೋಗಿದ್ದ ಏಳಡಿಯ ಹೆಣ್ಣನ್ನು.

"ಆರು ವಾರದೊಳಗೆ ತಿನ್ನದಿದ್ದರೆ ಇಲ್ಲಿಗೇ ತಂದುಬಿಡಿ," ಎಂದ ಮುದುಕ. "ಮತ್ತೆ ಒಳಗೆ ಅಡಗಿಕೊಳ್ಳೋಕೆ ಒಂದು ಪೆಟ್ಟಿಗೆ ಇಡಿ."

ಗಂಡ ದೇವೇಂದ್ರಪ್ಪ ಬಾಗಿಲಲ್ಲೇ ನಿಂತ. "ಮಂದಿ ನಾಯಿ ಸಾಕ್ತಾರ, ಬೆಕ್ಕು ಸಾಕ್ತಾರ. ನೀ ಏನ ತಂದೀ ಬಂಗಾರಿ?"

"ನಾಯಿ ನನ್ನಂಗರೀ, ಒಂದ ಕಡೆ ಕುಂದ್ರೂದಿಲ್ಲ."

ಬೈಯುತ್ತಲೇ ಅವನು ಎರಡು ಶನಿವಾರ ಕೂತು ಪ್ಲೈವುಡ್ಡಿನ ಗೂಡು ಕಟ್ಟಿದ. ಮುಂದೆ ಸರಿಸುವ ಗಾಜು, ಅದಕ್ಕೊಂದು ಬೀಗ, ಮೂಲೆಯಲ್ಲಿ ಜಾಲರಿಯೊಳಗೆ ಬಲ್ಬು, ಬಿಸಿ ಹೆಚ್ಚಾದರೆ ತಾನೇ ಆರುವಂತೆ ಥರ್ಮೋಸ್ಟಾಟು. "ನನಗೂ ಇಷ್ಟ ಚಂದ ಮನಿ ಸಿಕ್ಕಿಲ್ಲ," ಎಂದ. ಅವನ ಷರತ್ತು ಒಂದೇ: ಇಲಿ ತಮ್ಮ ಫ್ರಿಜ್ಜಿಗೆ ಬರಕೂಡದು. ಅಂಗಡಿಯವನು ಕೊಂದು ಕೊಟ್ಟದ್ದನ್ನು ಅವಳು ಅಂದಂದೇ ಕಾಗದದ ಚೀಲದಲ್ಲಿ ತಂದು, ಬಿಸಿನೀರಲ್ಲಿಟ್ಟು, ಅದಕ್ಕೆಂದೇ ಕೊಂಡ ಇಕ್ಕಳದಲ್ಲಿ ಹಿಡಿದು ಗೂಡಿನೊಳಗೆ ಇಡುತ್ತಿದ್ದಳು.

ಗೂಡು ಹಜಾರದ ನಡುವೆ, ಸೋಫಾದ ಎದುರಿಗೆ. ಪೆಟ್ಟಿಗೆಯೊಂದನ್ನು ಮಾತ್ರ ಅವಳು ಇಡಲಿಲ್ಲ. ಮನೆಗೆ ಬಂದವರನ್ನು ಕತ್ತಲಲ್ಲಿ ಕೂಡಿಸುವುದುಂಟೆ? ಊಟಕ್ಕೆ ಇಟ್ಟ ಮೇಲೆ ಎದುರಿಗೇ ಕೂರುತ್ತಿದ್ದಳು, ಅವಳ ಅವ್ವ ನೆಂಟರ ಎದುರು ಕೂತಂತೆ. "ಉಣ್ಣವ್ವಾ, ನಾಚಬ್ಯಾಡ. ಒಂಚೂರು." ಐದು ನಿಮಿಷಕ್ಕೆ ಎದ್ದು ಗಾಜು ಸರಿಸುವಳು, ಇಲಿಯನ್ನು ಅದರ ಮೂಗಿನ ಹತ್ತಿರ ತಳ್ಳುವಳು, ಮತ್ತೆ ಕೂರುವಳು. ಹೆಬ್ಬಾವು ತಲೆಯನ್ನು ಸುರುಳಿಯಡಿ ತೂರಿಸಿಕೊಳ್ಳುತ್ತಿತ್ತು.

ಒಂದು ಇಲಿಯನ್ನೂ ಮುಟ್ಟದೆ ಐದು ವಾರ ದಾಟಿತು. ಅದರ ಬೆನ್ನೆಲುಬಿನ ಗೆರೆ ಕಾಣತೊಡಗಿತು. ಅವಳ ಬೆಸುಗೆ ತಪ್ಪತೊಡಗಿತು. ಗಡುವಿನ ಕಡೆಯ ಭಾನುವಾರ ಅಂಗಡಿಗೆ ಫೋನು ಮಾಡಿದಳು.

"ಅದು ತಿನ್ನೋ ಹೊತ್ತಲ್ಲಿ ನೀವೆಲ್ಲಿರ್ತೀರಿ?" ಎಂದು ಕೇಳಿದ ಮುದುಕ.

"ಎದುರಿಗೇ."

"ಯಾಕೆ?"

ಉಣ್ಣುವವರನ್ನು ಒಂಟಿಯಾಗಿ ಬಿಡುವುದು ಹೇಗೆ ಎಂದು ಅವಳು ಯಾವತ್ತೂ ಯೋಚಿಸಿರಲಿಲ್ಲ.

"ಅದಕ್ಕೆ ನಿಮ್ಮದೇ ಭಯ, ಅಮ್ಮ. ಬಚ್ಚಿಟ್ಟುಕೊಳ್ಳೋಕೆ ಜಾಗ ಕೊಟ್ಟು ಎದ್ದುಹೋಗಿ."

ದೇವೇಂದ್ರಪ್ಪನ ಬೂಟಿನ ದೊಡ್ಡ ಡಬ್ಬಿಗೆ ಬಾಗಿಲು ಕೊರೆದು ಗೂಡಿನೊಳಗಿಟ್ಟಳು. ಡಬ್ಬಿಯ ಬಾಯಲ್ಲಿ ಅಂದು ತಂದ ಇಲಿ. ಗಾಜಿನ ಮೇಲೆ ತನ್ನ ಹಳೆಯ ಇಳಕಲ್ ಸೀರೆ ಇಳಿಬಿಟ್ಟಳು. ಹೊರಬಂದು ಮೆಟ್ಟಿಲ ಮೇಲೆ ಕೂತಳು.

ಕೂರುವುದು ಇಷ್ಟು ಕಷ್ಟವೆಂದು ಅವಳಿಗೆ ಗೊತ್ತಿರಲಿಲ್ಲ. ಎರಡು ಸಲ ಏಳಲು ಹೋಗಿ ಕಟಕಟೆ ಹಿಡಿದು ಕೂತಳು. ರೈಲೊಂದು ಕೂಗಿ ಹೋಯಿತು.

ದೇವೇಂದ್ರಪ್ಪ ಗ್ರೋಸರಿ ಚೀಲ ಹಿಡಿದು ಮೆಟ್ಟಿಲು ಹತ್ತಿ ಬಂದ. "ಹೊರಗ ಯಾಕ ಕುಂತಿ?"

"ಒಳಗ ಊಟಕ್ಕ ಇಟ್ಟೀನಿ."

"ನೀ ಕುಂತೀಯಾ? ಒಂದ ಕಡೆ?" ಅವನು ನಗುತ್ತ ಚೀಲವನ್ನು ಕೆಳಗಿಟ್ಟು ಪಕ್ಕದಲ್ಲಿ ಕೂತ. ಚೀಲದೊಳಗಿನ ಹಾಲು ಬೆಚ್ಚಗಾಗುತ್ತಿದ್ದರೂ ಒಳಗೆ ಹೋಗಲಿಲ್ಲ.

ಬಿಸಿಲು ಅಂಗಳ ದಾಟಿದ ಮೇಲೆ ಅವಳು ಬರಿಗಾಲಲ್ಲಿ ಒಳಗೆ ಹೋಗಿ ಸೀರೆಯ ಅಂಚನ್ನು ಬೆರಳಗಲ ಎತ್ತಿದಳು. ಇಲಿ ಇರಲಿಲ್ಲ. ಡಬ್ಬಿಯಿಂದ ಅರ್ಧ ಹೊರಗಿದ್ದ ಮೈಯಲ್ಲಿ ಒಂದು ಉಬ್ಬು, ನಿಧಾನವಾಗಿ ಒಳಗೆ ಸರಿಯುತ್ತಿತ್ತು.

"ಇನ್ನೊಂಚೂರು" ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅವಳು ಅದನ್ನು ನುಂಗಿ ಅಂಚನ್ನು ಇಳಿಬಿಟ್ಟಳು.