ಹೆಂಡತಿಯ ಪಾತ್ರಕ್ಕೆ ನಾನು ಅರ್ಥ ಹೇಳಿದ್ದು

ತೊಂಬತ್ತರ ದಶಕದ ನಡುವೆ ಒಂದು ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ, ಶಿರಸಿಯ ಸಭಾಭವನವೊಂದರಲ್ಲಿ ನಾನು ಹಾಲಿವುಡ್ ನಾಯಕಿಯಾದೆ. ಉಟ್ಟಿದ್ದು ಹತ್ತಿಸೀರೆ, ಎದುರಿಗಿದ್ದದ್ದು ಕುಂಯ್‌ಗುಡುವ ಮೈಕು. ಇವತ್ತಿಗೂ ನೆನೆಸಿಕೊಂಡರೆ ಮೈ ಜುಮ್ಮೆನ್ನುತ್ತದೆ.

ಅದಕ್ಕೆ ಮೂರು ದಿನ ಮೊದಲು ನನಗೆ ನೇಮಕಾತಿ ಆದೇಶ ಬಂದಿತ್ತು. ಇಡಗುಂದಿ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಕೆಲಸ. ಬುಧವಾರದೊಳಗೆ ಹಾಜರಾಗಬೇಕು. ಶಿರಸಿಯಿಂದ ದಿನಾ ಹೋಗಿಬರುವ ದಾರಿಯಲ್ಲ ಅದು. ಯಲ್ಲಾಪುರದಲ್ಲಿ ರೂಮು ಹಿಡಿದು, ಶನಿವಾರದ ಬಸ್ಸಿಗೆ ಮನೆಗೆ ಬರಬೇಕು. ಮದುವೆಯಾಗಿ ಎಂಟು ತಿಂಗಳಾಗಿತ್ತು. ಆದೇಶವನ್ನು ಗಂಡನ ಕೈಗೆ ಕೊಟ್ಟೆ. ಓದಿದರು, ಮಡಚಿದರು, "ನೋಡನ" ಅಂದರು. ನಮ್ಮ ಕಡೆಯ ಗಂಡಸರು "ನೋಡನ" ಅಂದರೆ, ಬೇಡ ಅನ್ನಲು ನಾಚಿಕೆ, ಹೂಂ ಅನ್ನಲು ಮನಸ್ಸಿಲ್ಲ ಎಂದು ತಿಳಿಯಬೇಕು. ನಾನು ಮತ್ತೆ ಬಾಯಿ ತೆರೆದರೆ ಸಾಕು, ಅವರಿಗೆ ಪೇಟೆಯಲ್ಲೊಂದು ಕೆಲಸ ನೆನಪಾಗುತ್ತಿತ್ತು. ಅರ್ಧ ಮಾತು ನನ್ನ ಬಾಯಲ್ಲಿರುವಾಗಲೇ ಚಪ್ಪಲಿಯ ಸದ್ದು ಅಂಗಳ ದಾಟಿರುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹಾಗಂತ ಅವರಿಗೆ ಮಾತು ಬಾರದೆಂದಲ್ಲ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ, ಹೊರಗೆ ತಾಳಮದ್ದಳೆಯಲ್ಲಿ ದೊಡ್ಡ ಹೆಸರು. ವೇಷವಿಲ್ಲದೆ, ಕೂತಲ್ಲೇ, ಹಾಡಿದ ಪದ್ಯಕ್ಕೆ ಆಗಿಂದಾಗ ಮಾತು ಕಟ್ಟಿ ವಾದ ಹೂಡುವ ಆಟ ಅದು. ಅದಕ್ಕೆ ಅರ್ಥ ಹೇಳುವುದು ಎನ್ನುತ್ತಾರೆ. ವಾರಕ್ಕೆ ಎರಡು ಮೂರು ದಿನ ಶಾಲು ಹೊದ್ದು ಹೊರಟುಬಿಡುತ್ತಿದ್ದರು, ಹುಲೇಕಲ್ಲಿಗೆ, ಸಿದ್ದಾಪುರಕ್ಕೆ. ಊರೆಲ್ಲ ಕೂತು ಕೇಳುವ ಆ ಮಾತಿನಲ್ಲಿ ಮನೆಗೆ ಉಳಿದದ್ದು "ನೋಡನ" ಒಂದೇ.

ಇವರ ಸ್ನೇಹಿತರು ಹಳೆಯ ಸಿನಿಮಾ ತರಿಸಿ ತೋರಿಸುತ್ತಿದ್ದರು. ಆ ಸಲ ಬಂದದ್ದು ಕಪ್ಪುಬಿಳುಪಿನ ಅಮೆರಿಕದ ಚಿತ್ರ. ಗಂಡ ಡಾಕ್ಟರು, ಹೆಂಡತಿ ಪಿಯಾನೋ ನುಡಿಸುವವಳು. ದೂರದ ಪಟ್ಟಣದಿಂದ ಅವಳಿಗೆ ಕರೆ ಬರುತ್ತದೆ, ಮನೆಯಲ್ಲಿ ಜಗಳ ಶುರುವಾಗುತ್ತದೆ. ಆ ಅಮೆರಿಕದವರ ಇಂಗ್ಲಿಷ್ ಉಚ್ಚಾರ ಇಲ್ಲಿ ಯಾರಿಗೂ ತಿಳಿಯುವಂತಿರಲಿಲ್ಲ. ಪುಣ್ಯಕ್ಕೆ ರೀಲಿನ ಡಬ್ಬಿಯ ಜೊತೆ ಮಾತುಗಳನ್ನೆಲ್ಲ ಟೈಪು ಮಾಡಿದ ಹಾಳೆಗಳು ಬಂದಿದ್ದವು. ಇವರು ಅವನ್ನು ಕನ್ನಡಕ್ಕೆ ಇಳಿಸಿದರು; ಸದ್ದು ತಗ್ಗಿಸಿ ಮೈಕಿನಲ್ಲಿ ಕನ್ನಡ ಹೇಳುವುದೆಂದಾಯಿತು. ಗಂಡಿನ ಮಾತು ಇವರದು. ಹೆಣ್ಣಿನ ಮಾತಿಗೆ ಜನ ಸಿಗಲಿಲ್ಲ.

"ನೀನೇ ಹೇಳ್ತ್ಯನೇ?" ಅಂದರು ಇವರು. ಹಾಳೆಯಲ್ಲಿದ್ದ ಕಥೆಯನ್ನು ಅವರು ಆಗಲೇ ಓದಿದ್ದರು. ಆದರೂ ನನ್ನನ್ನು ಕೇಳಿದ ಧೈರ್ಯವನ್ನು ಮೆಚ್ಚಬೇಕು.

ಕಿಟಕಿಗೆಲ್ಲ ಕಂಬಳಿ ಕಟ್ಟಿ ಕತ್ತಲು ಮಾಡಿದ್ದರು. ಸಭೆ ಕಿಕ್ಕಿರಿದಿತ್ತು, ಇವರ ಅರ್ಥ ಇದೆ ಎಂದು ತಾಳಮದ್ದಳೆಯ ಜನವೇ ಅರ್ಧ ಬಂದಿತ್ತು. ಪ್ರೊಜೆಕ್ಟರ್ ಕರಕರ ಎಂದು ಓಡತೊಡಗಿತು. ಮೊದಲ ರೀಲು ಹಾಳೆಯಂತೆಯೇ ಸಾಗಿತು. ಎದುರಿನ ಪರದೆಯಲ್ಲಿ ಆ ಬಿಳಿಯ ಹೆಂಗಸು ತುಟಿ ಅಲ್ಲಾಡಿಸುತ್ತಾಳೆ, ಸಭೆಗೆ ನನ್ನ ಮಾತು ಕೇಳುತ್ತದೆ. ಆ ಖುಷಿ ಏನೆಂದು ಹೇಳಲಿ.

ಎರಡನೆಯ ರೀಲಿನಲ್ಲಿ ಜಗಳದ ದೃಶ್ಯ ಬಂತು. "ನನ್ನ ಮನೆಯಲ್ಲಿ ನಿನಗೇನು ಕಡಿಮೆ?" ಎಂಬ ಡಾಕ್ಟರನ ಒಂದೇ ಸಾಲಿನ ಪ್ರಶ್ನೆ ಹಾಳೆಯಲ್ಲಿತ್ತು. ಇವರಿಗೆ ಅಷ್ಟು ಸಾಕಾಗಲಿಲ್ಲ, ಅಭ್ಯಾಸಬಲ. ಮನೆ ಎಂದರೇನು, ಒಡತಿ ಎಂದರೇನು, ದೀಪ ಹಚ್ಚುವ ಕೈ ಪಿಯಾನೋದ ಮೇಲೇ ಇದ್ದರೆ ಮನೆಗೆ ಬೆಳಕು ಎಲ್ಲಿಯದು ಎಂದು ಎತ್ತಿಕೊಂಡರು. ಜನ "ಹಾ" ಎಂದಿತು. ಅಷ್ಟರಲ್ಲಿ ಪರದೆಯ ಮೇಲಿನ ಡಾಕ್ಟರ ಜಗಳ ಮುಗಿಸಿ ಸುಮ್ಮನೆ ಮುಖಕ್ಷೌರ ಮಾಡಿಕೊಳ್ಳುತ್ತಿದ್ದ.

ನಾನೂ ಹಾಳೆ ಬದಿಗಿಟ್ಟೆ.

"ರೋಗಿಯ ಮನೆಯಿಂದ ಕರೆ ಬಂದರೆ ಬಡಿಸಿದ ಊಟ ಬಿಟ್ಟು ಏಳುತ್ತೀರಿ. ಅದು ಕರ್ತವ್ಯ. ನನಗೆ ಕರೆ ಬಂದರೆ ಅದು ಹಠವೇ?" ಎಂದು ಶುರು ಮಾಡಿದೆ.

ಹಿಂದಿನ ಸಾಲಿನಿಂದ ಬನವಾಸಿ ಕಡೆಯ ಹಿರಿಯರೊಬ್ಬರು ಎದ್ದು ನಿಂತು, "ಮಷೀನು ಸ್ವಲ್ಪ ನಿಲ್ಸ್ರಿ. ಅವ್ರ ಮಾತು ಮುಗೀಲಿ" ಅಂದರು. ಸಭೆಯೆಲ್ಲ ಹೌದು ಹೌದು ಎಂದಿತು. ಪ್ರೊಜೆಕ್ಟರ್ ನಡೆಸುತ್ತಿದ್ದ ರೇಡಿಯೋ ಅಂಗಡಿಯವರು ಅದರ ದೀಪ ಆರಿಸಿ ಯಂತ್ರ ನಿಲ್ಲಿಸಿಯೇಬಿಟ್ಟರು. ಹಾಲಿವುಡ್ ಸಿನಿಮಾವನ್ನು ಅರ್ಥ ಮುಗಿಯಲಿ ಎಂದು ನಿಲ್ಲಿಸಿದ ಊರು ಪ್ರಪಂಚದಲ್ಲಿ ನಮ್ಮದೊಂದೇ ಇರಬೇಕು. ಯಾರೋ ಟ್ಯೂಬ್‌ಲೈಟ್ ಹಾಕಿದರು. ಖಾಲಿ ಪರದೆ, ಎರಡು ಮೈಕು, ನಾವಿಬ್ಬರು.

ತಾಳಮದ್ದಳೆಗೆ ಒಂದು ಕ್ರಮವಿದೆ. ಎದುರಾಳಿ ಮಾತಾಡುವಾಗ ನಡುವೆ ಏಳುವಂತಿಲ್ಲ, ಮುಖ ತಿರುಗಿಸುವಂತಿಲ್ಲ. ಅವರು ಮುಗಿಸುವ ತನಕ ಕೂತು ಕೇಳಬೇಕು. ಇವರು ಕೂತರು. ಎಂಟು ತಿಂಗಳಲ್ಲಿ ಮೊದಲ ಸಲ ನನ್ನ ಗಂಡ ನನ್ನ ಮಾತು ಕೇಳುತ್ತ ಅಲುಗಾಡದೆ ಕೂತಿದ್ದರು. ನಾನು ಮೈಕನ್ನು ಹತ್ತಿರ ಎಳೆದುಕೊಂಡೆ.

"ಕಲಿತದ್ದು ಕೈಯಲ್ಲಿ ತುಕ್ಕು ಹಿಡಿಯುತ್ತಿದೆ. ನಾನು ಹೋದರೆ ಮನೆ ಕತ್ತಲಾಗುವುದಾದರೆ, ನೀವು ವಾರಕ್ಕೆ ಮೂರು ದಿನ ಶಾಲು ಹೊದ್ದು ಹೋಗುತ್ತೀರಲ್ಲ, ಆಗ ಯಾರೂ ಕತ್ತಲೆಂದು ಹೇಳಲಿಲ್ಲವೇಕೆ?"

ಅಮೆರಿಕದ ಡಾಕ್ಟರಿಗೆ ಎಲ್ಲಿಯ ಶಾಲು. ಸಭೆ ಭೋರೆಂದು ನಕ್ಕಿತು. ನಾನು ನಿಲ್ಲಿಸಲಿಲ್ಲ. "ನಾನು ಮನೆ ಬಿಟ್ಟು ಹೋಗುತ್ತಿಲ್ಲ. ಕೆಲಸಕ್ಕೆ ಹೋಗುತ್ತಿದ್ದೇನೆ. ಶನಿವಾರ ಬರುತ್ತೇನೆ. ಆ ದಿನ ನೀವು ಮನೆಯಲ್ಲಿರುತ್ತೀರಾ, ಅದನ್ನು ಹೇಳಿ" ಎಂದು ಮುಗಿಸಿದೆ.

ಇವರು ಮೈಕಿನ ಹತ್ತಿರ ಬಾಗಿದರು. ಎಂಥೆಂಥ ಘಟಾನುಘಟಿಗಳನ್ನು ಮಾತಿನಲ್ಲಿ ಕಟ್ಟಿಹಾಕಿದವರು ಆ ದಿನ "ಸಿನಿಮಾ ಬಿಡಿ" ಎಂದು ಪ್ರೊಜೆಕ್ಟರ್ ಕಡೆ ಕೈ ತೋರಿದರು.

ಕೊನೆಯ ರೀಲಿನಲ್ಲಿ ಆ ಹೆಂಗಸು ಪಟ್ಟಣದ ಕಾಗದವನ್ನು ಹರಿದು ಬೆಂಕಿಗೆ ಹಾಕಿದಳು. ಹಾಳೆಯಲ್ಲಿ ನನ್ನ ಮಾತು ಸ್ಪಷ್ಟವಾಗಿತ್ತು: ನೀವು ಹೇಳಿದ್ದೇ ಸರಿ. ನನ್ನ ಬಾಯಿಂದ ಅದು ಬರಲಿಲ್ಲ. ಅವಳ ತುಟಿ ಅಲ್ಲಾಡಿತು, ಗಂಡನ ಎದೆಗೆ ಒರಗಿದಳು, ಮೈಕು ಮೌನ. ಆಗ ಇವರೇ ಹೇಳಿದರು: "ನಾನು ಹೇಳಿದ್ದು ಸರಿ ಎಂದು ಅವಳು ಒಪ್ಪಿದಳಂತೆ. ನಾನು ಅಂಥದ್ದೇನು ಹೇಳಿದೆನೋ ನನಗೆ ತಿಳಿಯಲಿಲ್ಲ." ಜನ ಚಪ್ಪಾಳೆ ತಟ್ಟಿತು.

ಮನೆಗೆ ನಡೆದುಕೊಂಡೇ ಹೊರಟೆವು. ಬಿಸಿಲು ಇನ್ನೂ ಇತ್ತು. ನನಗೆ ಕುಣಿಯಬೇಕು ಅನ್ನಿಸುತ್ತಿತ್ತು, ಜೊತೆಗೇ ಸಭೆಯ ಎದುರು ಇವರ ಮರ್ಯಾದೆ ತೆಗೆದೆನೋ ಎಂಬ ಅಳುಕು. ಪೇಟೆ ದಾಟಿದ ಮೇಲೆ ಇವರು ಕೇಳಿದರು.

"ಇಷ್ಟೆಲ್ಲ ಮನೇಲಿ ಎಂತಕ್ಕೆ ಹೇಳಿದ್ದಿಲ್ಲೆ?"

"ಮನೇಲಿ ನಿಂಗ ಕೂತು ಕೇಳಿದ್ದು ಯಾವಾಗ?" ಅಂದೆ.

ಅವರು ನಿಂತರು. ರಸ್ತೆಯ ಬದಿಯ ಮೋರಿಕಟ್ಟೆಯ ಮೇಲೆ ಕೂತು, ಚೀಲವನ್ನು ಪಕ್ಕಕ್ಕಿಟ್ಟರು.

"ಈಗ ಆನು ಕೂತಿದ್ದಿ. ಹೇಳು" ಅಂದರು.

ವಾದವೆಲ್ಲ ಸಭೆಯಲ್ಲೇ ಮುಗಿದುಹೋಗಿತ್ತು. ನನ್ನಲ್ಲಿ ಒಂದೇ ಮಾತು ಉಳಿದಿತ್ತು.

"ಬುಧವಾರ ಆನು ಹೋಗ್ತೆ."

ಮದುವೆಯಾದ ಮೇಲೆ ನಾನು ಅವರ ಒಪ್ಪಿಗೆ ಕೇಳದೆ, ಅವರಿಗೆ ಹೇಳಿದ ಮೊದಲ ಮಾತು ಅದು.